ರ ಗ ಸ ದ ಅ ಮತ್ತು ಮಗನ ಏಲಿಯನ್ ಪದಗಳು

ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಹುಡುಕುವುದು ಮಗನ ಬುಕ್ ಬ್ಯಾಗ್. ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದು ಆರು ವರ್ಷ ಆಯಿತು. ಮಗ ಈಗ ಇಯರ್ ಒನ್. ವಯಸ್ಸು ಐದೂವರೆ, ನಮ್ಮ ಕಡೆ ಆಗಿದ್ದರೆ ಇನ್ನೂ ಯುಕೆಜಿ. ಬ್ಯಾಗಿನಲ್ಲಿ ಇರುವುದು ಎರಡೇ ಸಾಮಾನು. ತೆಳ್ಳಗಿನ ಒಂದು ಕಥೆ ಪುಸ್ತಕ, ಒಂದು ರೀಡಿಂಗ್ ಡೈರಿ. ರಾತ್ರಿ ಅವನು ಓದಬೇಕು, ನಾವು ಕೇಳಿ ಸಹಿ ಹಾಕಬೇಕು.

ದಿನಾ ಬೆಳಿಗ್ಗೆ ಫೋನಿಕ್ಸ್, ಅಂದರೆ ಅಕ್ಷರಗಳ ಸದ್ದು ಕೂಡಿಸಿ ಓದುವ ಪಾಠ. ಬುಧವಾರ ಗಂಬೂಟು ಹಾಕಿಕೊಂಡು ಶಾಲೆ ಹಿಂದಿನ ಮರಗಳ ನಡುವೆ ಕೆಸರಾಟ, ಅದಕ್ಕೆ ಫಾರೆಸ್ಟ್ ಸ್ಕೂಲ್ ಅಂತ ಹೆಸರು. ಗುರುವಾರ ಮನೆಯಿಂದ ಏನಾದರೂ ತಂದು ಅದರ ಬಗ್ಗೆ ಮಾತಾಡಬೇಕು. ಶುಕ್ರವಾರ ತರಗತಿಯ ಗೊಂಬೆ ಕರಡಿ ಒಂದು ಮಗುವಿನ ಮನೆಗೆ ಹೊರಡುತ್ತದೆ. ಕಳೆದ ತಿಂಗಳು ನಮ್ಮ ಮನೆಗೆ ಬಂದಿತ್ತು. ಅದರ ಮುಂದೆ ದೋಸೆ ಇಟ್ಟು ಫೋಟೋ ತೆಗೆದು ಕರಡಿಯ ಡೈರಿಗೆ ಅಂಟಿಸಿದೆವು. ಹಿಂದಿನ ಪುಟದಲ್ಲಿ ಯಾರೋ ಅದನ್ನು ಸ್ಪೇನಿಗೇ ಕರೆದುಕೊಂಡು ಹೋಗಿದ್ದರು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ. 'ನಮ್ಮ ಕಡೆ ಬರೀ ಬಾಯಿಪಾಠ. ಇಲ್ಲಿ ನೋಡಿ, ಎಲ್ಲಾ ಆಕ್ಟಿವಿಟಿ.' ನಾನೂ ಹಾಗೇ ಅಂದುಕೊಂಡಿದ್ದೆ. ಅಕ್ಕನ ಹತ್ತಿರವೂ ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ. ಅಕ್ಕ ಹುಣಸೂರು ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಗೆ ಟೀಚರ್.

'ಮಕ್ಕಳನ್ನ ನೆಲದ ಮೇಲೆ ಕೂರಿಸ್ತಾರಾ?' ಅಂದಳು.

'ಹೂಂ, ಕಾರ್ಪೆಟ್ ಮೇಲೆ, ಚಕ್ಕಳಮಕ್ಕಳ.'

'ಇವತ್ತು ಮಳೆಯೋ ಬಿಸಿಲೋ ಅಂತ ಚಾರ್ಟಲ್ಲಿ ಗುರುತು ಹಾಕ್ತಾರಾ? ಮಕ್ಕಳು ಬರೆದದ್ದನ್ನ ದಾರಕ್ಕೆ ನೇತು ಹಾಕ್ತಾರಾ?'

'ಹೂಂ ಅಕ್ಕಾ.'

'ಅಯ್ಯೋ, ನಲಿ-ಕಲಿನೇ ಬಿಡೋ. ಅದನ್ನ ನೋಡೋಕೆ ವಿಮಾನ ಹತ್ತಬೇಕಿತ್ತಾ?'

ನನಗೆ ನಲಿ-ಕಲಿ ಗೊತ್ತೇ ಇರಲಿಲ್ಲ ಅಂತಲ್ಲ. ಹೆಸರು ಗೊತ್ತಿತ್ತು, ಅಷ್ಟೇ. ಕಾರ್ಡು ಹಿಡಿದು ಮಕ್ಕಳು ಆಡುತ್ತಾ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಕಾರ್ಡುಗಳನ್ನು ನೋಡಿ ಬಂದ ಮೇಷ್ಟರುಗಳು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರು ಮಾಡಿದ್ದು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ನಾನು ಓದಿದ್ದು ಅದಕ್ಕಿಂತ ಮುಂಚೆ. ಅ ಅಗಸ, ಆ ಆನೆ ಅಂತ ಶುರು ಮಾಡಿ ಇಡೀ ವರ್ಣಮಾಲೆ ಮುಗಿಯುವವರೆಗೆ ಒಂದು ಪದವನ್ನೂ ಸ್ವಂತಕ್ಕೆ ಓದಿದವನಲ್ಲ.

ಇಲ್ಲಿ ಎ ಬಿ ಸಿ ಡಿ ಸಾಲು ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಅಕ್ಷರಗಳ ಸದ್ದು ಮೊದಲು ಕಲಿಸುತ್ತಾರೆ. ಆರು ಸದ್ದು ಬಂದರೆ ಸಾಕು, ಪಿನ್, ಟ್ಯಾಪ್, ಸ್ಯಾಟ್ ಎಲ್ಲ ಓದಬಹುದು. ಎಂಥ ಬುದ್ಧಿವಂತಿಕೆ ಅಂದುಕೊಂಡಿದ್ದೆ. ನಲಿ-ಕಲಿಯಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಐದೇ ಅಕ್ಷರ. ಸರ, ರಸ, ದರ, ಅರಸ, ಅಗಸ, ಗರಗಸ! ಕಾಗುಣಿತ ಬೇಡ, ಒತ್ತು ಬೇಡ. ಇಂಗ್ಲಿಷಿನಲ್ಲಿ ಸದ್ದುಗಳನ್ನು ಕಷ್ಟಪಟ್ಟು ಹೊಲಿಯಬೇಕು, ನಮ್ಮಲ್ಲಿ ಪಕ್ಕ ಪಕ್ಕ ಇಟ್ಟರೆ ತಾವೇ ಪದ ಆಗುತ್ತವೆ.

ಫೋನಿಕ್ಸಿಗೆ ಪರೀಕ್ಷೆಯೂ ಇದೆ. 2012ರಿಂದ ಇಂಗ್ಲೆಂಡಿನಲ್ಲಿ ಇಯರ್ ಒನ್ ಮಕ್ಕಳಿಗೆ ಜೂನ್‌ನಲ್ಲಿ 40 ಪದ ಓದಿಸುತ್ತಾರೆ. ಅದರಲ್ಲಿ 20 ಪದಕ್ಕೆ ಅರ್ಥವೇ ಇಲ್ಲ, ಪಕ್ಕದಲ್ಲಿ ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ. ಮಕ್ಕಳು ಅದಕ್ಕೆ ಏಲಿಯನ್ ಪದ ಅನ್ನುತ್ತಾರೆ. ನೆನಪಿನಿಂದ ಹೇಳುತ್ತಿದ್ದಾರೋ ನಿಜವಾಗಿ ಓದುತ್ತಿದ್ದಾರೋ ಅಂತ ನೋಡಲು ಇದು. ನನ್ನ ಮಗ ಅರ್ಥವಿಲ್ಲದ ಪದಕ್ಕೂ ಒಂದು ಅರ್ಥ ಕಟ್ಟಿ, ಪದವನ್ನೇ ಬದಲಾಯಿಸಿ ಓದುತ್ತಾನೆ. ಅದು ತಪ್ಪು ಉತ್ತರ. ನನಗೇನೋ ಅದೇ ಸರಿ ಅನಿಸುತ್ತದೆ.

ಆದರೆ ನನಗೆ ನಿಜವಾಗಿ ತಟ್ಟಿದ್ದು ಬೇರೆ. ಭಾವಮೈದುನನ ಮದುವೆಗೆ ಎಂಟು ದಿನ ರಜೆ ಕೇಳಿದೆವು, ಶಾಲೆ ಕೊಡಲಿಲ್ಲ. ಒಪ್ಪಿಗೆ ಇಲ್ಲದೆ ಐದು ದಿನ ತಪ್ಪಿಸಿದರೆ ಅಪ್ಪ ಅಮ್ಮ ಒಬ್ಬೊಬ್ಬರಿಗೂ 80 ಪೌಂಡ್ ದಂಡ ಬೀಳಬಹುದು. ಬಿತ್ತು, ಕಟ್ಟಿದೆವು. ಹೋಗಲಿ ದುಡ್ಡು. ವಾಪಸ್ ಬಂದಾಗ ತರಗತಿ ನಾಲ್ಕು ಹೊಸ ಸದ್ದು ಮುಗಿಸಿ ಮುಂದೆ ಹೋಗಿತ್ತು, ಮಗ ಹಿಂದೆ ಉಳಿದಿದ್ದ. ಆ ನಾಲ್ಕನ್ನು ನಾವೇ ಮನೆಯಲ್ಲಿ ಹೇಳಿಕೊಟ್ಟೆವು.

ಅಕ್ಕನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅಪ್ಪ ಅಮ್ಮ ಕಾಫಿ ಕೊಯ್ಲಿಗೆ ಕೊಡಗಿಗೆ ಹೊರಟರೆ ಅವಳೂ ಹೊರಡಬೇಕು. ಮೂರು ವಾರ ಬಿಟ್ಟು ಬಂದವಳು ಗೋಡೆಯ ಏಣಿಯಲ್ಲಿ, ಅಂದರೆ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟದಲ್ಲಿ, ತನ್ನ ಮೆಟ್ಟಿಲು ನೋಡಿ, ಅದರ ಚಿತ್ರ ಇರುವ ಕಾರ್ಡ್ ತೆಗೆದುಕೊಂಡು ಕೂರುತ್ತಾಳೆ. ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ. ಮಗು ಬರುವವರೆಗೆ ಏಣಿ ಅಲ್ಲೇ ಇರುತ್ತದೆ. ಇಷ್ಟು ಚೆನ್ನಾದದ್ದನ್ನು ನಾನು ಇಲ್ಲಿ ನೋಡಿಲ್ಲ.

ಹಾಗಂತ ಅಲ್ಲಿ ಎಲ್ಲ ಸುಖವಾಗಿದೆ ಅಂತಲ್ಲ. ಇಲ್ಲಿ ಈ ವಯಸ್ಸಿನ ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರಿಗೆ 30ಕ್ಕಿಂತ ಜಾಸ್ತಿ ಮಕ್ಕಳು ಇರಬಾರದು ಅಂತ ಕಾನೂನೇ ಇದೆ, ಮಗನ ತರಗತಿಯಲ್ಲಿ ಸಹಾಯಕ್ಕೆ ಇನ್ನೊಬ್ಬರೂ ಇರುತ್ತಾರೆ. ಅಕ್ಕನಿಗೆ ಮೂರು ತರಗತಿ, ಒಂದೇ ಕೋಣೆ. ನಲಿ-ಕಲಿಯಲ್ಲಿ ಮಕ್ಕಳ ಐದು ಗುಂಪಿಗೆ ತಟ್ಟೆ ಅನ್ನುತ್ತಾರೆ. 'ತಟ್ಟೆ ಐದು, ಬಡಿಸೋಳು ಒಬ್ಬಳೇ' ಅನ್ನುತ್ತಾಳೆ ಅಕ್ಕ. ಊರಿನ ಅಪ್ಪ ಅಮ್ಮಂದಿರಿಗೆ ಇನ್ನೊಂದು ಅನುಮಾನ. ಕಾರ್ಡ್ ಶಾಲೆಯಲ್ಲೇ ಉಳಿಯುತ್ತದೆ, ಮನೆಗೆ ಬರುವುದಿಲ್ಲ. 'ಸುಮ್ನೆ ಆಟ ಆಡಿಸ್ತಾರೆ' ಅಂತ ಮಗುವನ್ನು ಹಳದಿ ಬಸ್ಸಿಗೆ ಹತ್ತಿಸುತ್ತಾರೆ. ಅದೇ ಆಟ ನೋಡಿ ನಾವಿಲ್ಲಿ ಹೊಗಳುತ್ತಿದ್ದೇವೆ, ಅಲ್ವಾ?

ಇಲ್ಲಿಂದ ಒಂದನ್ನು ಕಳಿಸಬಹುದಾದರೆ ನಾನು ಆ ರೀಡಿಂಗ್ ಡೈರಿ ಕಳಿಸುತ್ತಿದ್ದೆ. ಅಕ್ಕನಿಗೂ ಹೇಳಿದೆ, ಶುಕ್ರವಾರ ಒಂದೊಂದು ಕಾರ್ಡ್ ಮನೆಗೆ ಕೊಟ್ಟು ಕಳಿಸು ಅಂತ.

'ಸಹಿ ಹಾಕೋರು ಯಾರು? ಎಷ್ಟೋ ಮನೇಲಿ ಅಜ್ಜಿ ಒಬ್ಬರೇ, ಅವರಿಗೆ ಓದೋಕೆ ಬರಲ್ಲ.'

'ಅಜ್ಜಿ ಓದೋದು ಬೇಡ ಅಕ್ಕಾ, ಕೂತು ಕೇಳಿದ್ರೆ ಸಾಕು.'

ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಾರ್ಡ್ ಹರ್ಕೊಂಡು ಬರ್ತಾವೆ ಕಣೋ' ಅಂದಳು.

ಹೋದ ಶನಿವಾರ ವಿಡಿಯೋ ಕಾಲ್‌ನಲ್ಲಿ ಅಕ್ಕ ಅಂಥದ್ದೇ ಒಂದು ಕಾರ್ಡನ್ನು ಮಗನ ಮುಂದೆ ಹಿಡಿದಳು. ಕನ್ನಡದ ಆ ಐದು ಅಕ್ಷರ ಅವನಿಗೆ ಆಗಲೇ ಬರುತ್ತಿದ್ದವು. ಫೋನಿನ ಗಾಜಿನ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಮಾಡುವ ಹಾಗೇ ಒಂದೊಂದು ಸದ್ದು ಬಿಡಿಸಿದ. ಗ... ರ... ಗ... ಸ. 'ಗರಗಸ!' ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

'ಅಪ್ಪಾ, ಇದು ಏಲಿಯನ್ ಪದಾನಾ?'

ಆ ಕಡೆ ಅವನ ಅತ್ತೆ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಹಿತ್ತಲ ಶೆಡ್ಡಿಗೆ ಹೋಗಿ, ಬೇಲಿ ರಿಪೇರಿಗೆ ಅಂತ ತಂದಿಟ್ಟಿದ್ದ ಗರಗಸ ಹುಡುಕಿ ತಂದೆ.