ನಾಲ್ಕು ಸೆಕೆಂಡಿನ ಓಟ, ವರ್ಷವಿಡೀ ಜಗಳ

ಡ್ರ್ಯಾಗ್ ರೇಸಿಂಗ್‌ನಷ್ಟು ಸರಳ ಆಟ ಇನ್ನೊಂದು ಸಿಗುವುದು ಕಷ್ಟ. ನೆಟ್ಟಗಿರುವ ಒಂದು ರಸ್ತೆ, ಎರಡು ಕಾರು. ನಡುವೆ ಒಂದು ದೀಪದ ಕಂಬ, ಅದರ ಹೆಸರು ಕ್ರಿಸ್‌ಮಸ್ ಟ್ರೀ. ಹಸಿರು ದೀಪ ಹತ್ತಿದ ಕೂಡಲೇ ಇಬ್ಬರೂ ಆಕ್ಸಿಲರೇಟರ್ ತುಳಿಯುತ್ತಾರೆ. ಮೊದಲು ಗೆರೆ ದಾಟಿದವರು ಮುಂದಿನ ಸುತ್ತಿಗೆ ಹೋಗುತ್ತಾರೆ, ಇನ್ನೊಬ್ಬರು ಗಂಟುಮೂಟೆ ಕಟ್ಟುತ್ತಾರೆ. ತಿರುವಿಲ್ಲ, ಟಾಸ್ ಇಲ್ಲ, ಡಕ್‌ವರ್ತ್ ಲೂಯಿಸ್ ಇಲ್ಲ. ಇದರಲ್ಲಿ ಎಲ್ಲಕ್ಕಿಂತ ವೇಗದ ವಿಭಾಗ ಟಾಪ್ ಫ್ಯೂಯೆಲ್, ಅದರ ಕಾರಿಗೆ ಸುಮಾರು 11,000 ಅಶ್ವಶಕ್ತಿ. 1,000 ಅಡಿ ದೂರವನ್ನು ನಾಲ್ಕು ಸೆಕೆಂಡಿಗಿಂತ ಕಮ್ಮಿ ಹೊತ್ತಿನಲ್ಲಿ ಮುಗಿಸುತ್ತದೆ. ಆ ಹೊತ್ತಿಗೆ ವೇಗ ಗಂಟೆಗೆ 330 ಮೈಲಿ ದಾಟಿರುತ್ತದೆ. ಎರಡು ಸಲ ಸೀನಿದರೆ ರೇಸ್ ಮುಗಿದಿರುತ್ತದೆ.

ಯಾರು ಗೆದ್ದರು ಅನ್ನೋದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲದ ಆಟ ಇದು. ಅನುಮಾನ ಇಲ್ಲದಿದ್ದರೆ ಮನುಷ್ಯನಿಗೆ ಊಟ ಸೇರುತ್ತದೆಯೇ? ಅದಕ್ಕೇ ವರ್ಷದ ಚಾಂಪಿಯನ್ ಯಾರು ಎಂದು ತೀರ್ಮಾನಿಸಲು ಒಂದು ವಿಧಾನ ಮಾಡಿದರು. ಅದನ್ನು ಅರ್ಥ ಮಾಡಿಕೊಳ್ಳಲು ಕ್ಯಾಲ್ಕುಲೇಟರ್ ಬೇಕು, ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು.

ಅಮೆರಿಕದಲ್ಲಿ ಈ ಆಟ ನಡೆಸುವ ದೊಡ್ಡ ಸಂಸ್ಥೆ ಎನ್‌ಎಚ್‌ಆರ್‌ಎ. 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ್ದು. ರೇಸ್ ಗೆದ್ದವರಿಗೆ ಕೊಡುವ ಟ್ರೋಫಿಗೂ 'ವಾಲಿ' ಅಂತಲೇ ಹೆಸರು. ಇಲ್ಲಿ ಮೊದಲಿದ್ದ ಲೆಕ್ಕ ಹಳ್ಳಿಯ ಅಜ್ಜಿಗೂ ಗೊತ್ತಾಗುವಂಥದ್ದು. ವರ್ಷವೆಲ್ಲ ಓಡು, ಬಂದ ಪಾಯಿಂಟ್ಸ್ ಕೂಡಿಸು, ಜಾಸ್ತಿ ಬಂದವರಿಗೆ ಪ್ರಶಸ್ತಿ. ಇದರಲ್ಲಿ ಒಂದು ದೋಷ ಇತ್ತು. ಚೆನ್ನಾಗಿ ಓಡಿದವರು ಗೆದ್ದುಬಿಡುತ್ತಿದ್ದರು. ಕೆಲವೊಮ್ಮೆ ಸೀಸನ್ ಮುಗಿಯೋಕೆ ಮೊದಲೇ ಗೆದ್ದುಬಿಡುತ್ತಿದ್ದರು. ಟಿವಿಯವರಿಗೆ ಇದು ಸಹಿಸಲಾಗದ ವಿಷಯ.

ರೋಗ ಶುರುವಾಗಿದ್ದು ಪಕ್ಕದ ಮನೆಯಲ್ಲಿ. 2003ರಲ್ಲಿ ಅಮೆರಿಕದ ಇನ್ನೊಂದು ಕಾರ್ ರೇಸ್ ಸರಣಿ ನ್ಯಾಸ್‌ಕಾರ್‌ನಲ್ಲಿ ಮ್ಯಾಟ್ ಕೆನ್ಸೆತ್ ಇಡೀ ವರ್ಷದಲ್ಲಿ ಒಂದೇ ಒಂದು ರೇಸ್ ಗೆದ್ದು ಚಾಂಪಿಯನ್ ಆದರು. ಎಂಟು ರೇಸ್ ಗೆದ್ದ ರಯಾನ್ ನ್ಯೂಮನ್‌ಗೆ ಆರನೇ ಸ್ಥಾನ. ಮರುವರ್ಷವೇ ನ್ಯಾಸ್‌ಕಾರ್ 'ಚೇಸ್' ಅನ್ನೋ ಪ್ಲೇಆಫ್ ತಂದಿತು. ಕೊನೆಯ ಹತ್ತು ರೇಸ್‌ಗೆ ಮೊದಲು ಮುಂಚೂಣಿಯವರ ಪಾಯಿಂಟ್ಸ್ ಎಲ್ಲ ಹತ್ತಿರ ಹತ್ತಿರ ತಂದು ನಿಲ್ಲಿಸುವುದು. ಎನ್‌ಎಚ್‌ಆರ್‌ಎ ಇದನ್ನು ಬೇಲಿಯ ಮೇಲಿಂದ ನೋಡುತ್ತಿತ್ತು. 2007ರಲ್ಲಿ ತಾನೂ ಒಂದು ತಂದಿತು. ಹೆಸರು 'ಕೌಂಟ್‌ಡೌನ್ ಟು ದ ಚಾಂಪಿಯನ್‌ಶಿಪ್'.

ಹೊಸದಾಗಿ ತಂದಾಗ ಉತ್ಸಾಹ ಜಾಸ್ತಿ ಇತ್ತು. 17 ರೇಸ್ ಆದಮೇಲೆ ಎಂಟು ಜನ ಉಳಿಯಬೇಕು. ಅವರು ನಾಲ್ಕು ರೇಸ್ ಓಡಿ ನಾಲ್ಕು ಜನ ಆಗಬೇಕು. ಆ ನಾಲ್ವರು ಇನ್ನೆರಡು ರೇಸ್ ಓಡಿ ಒಬ್ಬರಾಗಬೇಕು. ಪ್ರತಿ ಹಂತಕ್ಕೂ ಬೇರೆ ಬೇರೆ ಕೌಂಟ್‌ಡೌನ್ ಹೆಸರು. ಒಂದೇ ವರ್ಷಕ್ಕೆ ಇದು ಅವರಿಗೇ ಸುಸ್ತಾಯಿತು. 2008ರಲ್ಲಿ ಹತ್ತು ಜನ, ಆರು ರೇಸ್ ಅಂತ ಬದಲಾಯಿಸಿದರು.

ಇದರಲ್ಲಿ ನನಗೆ ಬಹಳ ಇಷ್ಟವಾದ ಭಾಗ ಬೇರೆ ಇದೆ. ರೋಚಕತೆ ಇಲ್ಲ, ಕೊನೆಯ ರೇಸ್‌ನಲ್ಲಿ ಉಸಿರು ಬಿಗಿಹಿಡಿಯುವಂಥದ್ದು ಏನೂ ನಡೆಯುತ್ತಿಲ್ಲ ಅಂತ ತಾನೇ ಈ ಔಷಧಿ? ಹಾಗಾದರೆ ಹಳೇ ಲೆಕ್ಕದ ಕೊನೆಯ ವರ್ಷ, 2006ರಲ್ಲಿ, ಏನು ನಡೆಯಿತು ನೋಡಿ.

ಆ ವರ್ಷ ಟಾಪ್ ಫ್ಯೂಯೆಲ್‌ನಲ್ಲಿ ಟೋನಿ ಶೂಮಾಕರ್ ಒಂದು ಹಂತದಲ್ಲಿ ಮುಂದಿದ್ದವರಿಗಿಂತ 336 ಪಾಯಿಂಟ್ ಹಿಂದೆ ಇದ್ದರು. ಯಾರೂ ಅವರ ಕಡೆ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿಂದ ಒಂದೊಂದೇ ರೇಸ್ ಗೆಲ್ಲುತ್ತಾ ಬಂದರು. ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಕೊನೆಯ ರೇಸ್, ಅದರ ಕೊನೆಯ ಸುತ್ತು. ಎದುರಿಗೆ ಮೆಲನಿ ಟ್ರಾಕ್ಸೆಲ್. ಬರೀ ಗೆದ್ದರೆ ಸಾಲದು. ರಾಷ್ಟ್ರೀಯ ದಾಖಲೆಯನ್ನೂ ಮುರಿಯಬೇಕು, ಆಗ 20 ಪಾಯಿಂಟ್ ಬೋನಸ್ ಬರುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಪ್ರಶಸ್ತಿ ಡಗ್ ಕಲಿಟ್ಟಾ ಅವರದು. ಶೂಮಾಕರ್ ಹೋದರು. 4.428 ಸೆಕೆಂಡ್ (ಆಗ ಓಟದ ದೂರ 1,000 ಅಡಿ ಅಲ್ಲ, ಕಾಲು ಮೈಲಿ). ಗೆದ್ದರು, ದಾಖಲೆಯೂ ಮುರಿಯಿತು, 14 ಪಾಯಿಂಟ್‌ನಲ್ಲಿ ಚಾಂಪಿಯನ್. ಈ ಆಟದ ಅಭಿಮಾನಿಗಳು ಇಂದಿಗೂ ಅದನ್ನು 'ದ ರನ್' ಅಂತಲೇ ಕರೆಯುತ್ತಾರೆ. ಬೇರೆ ಹೆಸರು ಬೇಕಾಗಿಯೇ ಇಲ್ಲ.

ಡ್ರ್ಯಾಗ್ ರೇಸಿಂಗ್ ಇತಿಹಾಸದಲ್ಲೇ ಇಷ್ಟು ರೋಚಕ ಮುಕ್ತಾಯ ಕಂಡ ಮರುವರ್ಷ, ರೋಚಕತೆ ಸಾಲದು ಎಂದು ಹೊಸ ಪದ್ಧತಿ ಜಾರಿಗೆ ಬಂತು. ಕಮಿಟಿಗಳಿಗೆ ಕ್ಯಾಲೆಂಡರ್ ನೋಡುವ ಅಭ್ಯಾಸ ಇರುವುದಿಲ್ಲ ಬಿಡಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಸುತ್ತು ಗೆದ್ದರೆ ಸಿಗುವುದು 20 ಪಾಯಿಂಟ್. 24 ರೇಸ್‌ಗಳಿದ್ದ ವರ್ಷಗಳಲ್ಲಿ ಇಂಡಿಯಾನಾಪೊಲಿಸ್‌ನ ಯುಎಸ್ ನ್ಯಾಷನಲ್ಸ್‌ವರೆಗೆ 18 ರೇಸ್. ಅಲ್ಲಿಗೆ ಮೊದಲ ಸ್ಥಾನದಲ್ಲಿ ಇರುವವರು ಎರಡನೆಯವರಿಗಿಂತ 400 ಪಾಯಿಂಟ್ ಮುಂದೆ ಇದ್ದರು ಅಂತ ಇಟ್ಟುಕೊಳ್ಳಿ. ಸೋಮವಾರ ಸಂಜೆ ರೇಸ್ ಮುಗಿಯುತ್ತದೆ. ಮಂಗಳವಾರ ಬೆಳಿಗ್ಗೆ ಎದ್ದು ನೋಡಿದರೆ ಮೊದಲ ಸ್ಥಾನಕ್ಕೆ 2,100, ಎರಡನೆಯದಕ್ಕೆ 2,080, ಆಮೇಲೆ ಹತ್ತು ಹತ್ತು ಇಳಿಯುತ್ತಾ ಹತ್ತನೆಯದಕ್ಕೆ 2,000. 400 ಇದ್ದ ಅಂತರ 20 ಆಯಿತು. ಅಂದರೆ ವರ್ಷದ ಶುರುವಿನಿಂದ ಹಿಡಿದು ಬೇಸಿಗೆಯ ಬಿಸಿಲೆಲ್ಲ ತಿಂದು, ಎಂಜಿನ್ ಮೇಲೆ ಎಂಜಿನ್ ಸುಟ್ಟು ಮಾಡಿದ ದುಡಿಮೆಗೆ ಸಿಕ್ಕ ಬೆಲೆ ಒಂದು ಸುತ್ತು. ನಾಲ್ಕು ಸೆಕೆಂಡಿಗೂ ಕಮ್ಮಿ.

ಜುಲೈನಲ್ಲಿ ಡೆನ್ವರ್, ಸೊನೋಮಾ, ಸಿಯಾಟಲ್ ಮೂರನ್ನೂ ಬೆನ್ನು ಬೆನ್ನಿಗೆ ಗೆಲ್ಲುವುದಕ್ಕೆ 2023ರವರೆಗೆ 'ವೆಸ್ಟರ್ನ್ ಸ್ವಿಂಗ್' ಸ್ವೀಪ್ ಅಂತಿದ್ದರು. ಬೆರಳೆಣಿಕೆಯ ಜನಕ್ಕೆ ಮಾತ್ರ ಸಾಧ್ಯವಾಗಿದೆ. 2009ರಲ್ಲಿ ಆಂಟ್ರನ್ ಬ್ರೌನ್ ಟಾಪ್ ಫ್ಯೂಯೆಲ್‌ನಲ್ಲಿ ಅದನ್ನು ಮಾಡಿದರು. ಆ ವರ್ಷದ ಪ್ರಶಸ್ತಿ ಶೂಮಾಕರ್‌ಗೆ ಹೋಯಿತು. ಜುಲೈನಲ್ಲಿ ಅಷ್ಟೆಲ್ಲ ಚೆನ್ನಾಗಿ ಓಡಿದ್ದು ಬ್ರೌನ್ ಅವರ ತಪ್ಪೇ ಇರಬೇಕು. ಸ್ವಲ್ಪ ತಡೆದುಕೊಂಡು ಅಕ್ಟೋಬರ್‌ಗೆ ಇಟ್ಟುಕೊಳ್ಳಬಾರದಿತ್ತೇ?

ಅದೇ 2009ರಲ್ಲಿ ಫನ್ನಿ ಕಾರ್ ವಿಭಾಗದಲ್ಲಿ ನಡೆದದ್ದು ಇನ್ನೂ ಸೊಗಸು. ಪ್ಲೇಆಫ್‌ಗೆ ಹತ್ತನೆಯ ಜಾಗ ಒಂದು ಬಾಕಿ. ಹಿಂದಿನ ವರ್ಷದ ಚಾಂಪಿಯನ್ ಕ್ರೂಜ್ ಪೆಡ್ರೆಗಾನ್‌ಗೆ ಅದು ಬೇಕು, ರಾಬರ್ಟ್ ಹೈಟ್‌ಗೂ ಬೇಕು. ಯುಎಸ್ ನ್ಯಾಷನಲ್ಸ್ ಸೆಮಿಫೈನಲ್‌ನಲ್ಲಿ ಹೈಟ್ ಎದುರಿಗೆ ಬಂದವರು ಜಾನ್ ಫೋರ್ಸ್. ಫೋರ್ಸ್ ಅಂದರೆ ಹೈಟ್ ಓಡಿಸುವ ತಂಡದ ಯಜಮಾನರು, ಆಗ ಮಾವನವರೂ ಹೌದು. ಮಾವ ಸೋತರು, ಅಳಿಯ ಗೆದ್ದರು. ಬೇಕಂತಲೇ ಬಿಟ್ಟುಕೊಟ್ಟರು ಅಂತ ಕ್ರೂಜ್ ಅವರ ಅಣ್ತಮ್ಮ ಟೋನಿ ಪೆಡ್ರೆಗಾನ್ ಸಿಟ್ಟಿಗೆದ್ದರು. ಟಿವಿ ಕ್ಯಾಮೆರಾ ಎದುರಿಗೇ ಇಬ್ಬರೂ ಕಿರುಚಾಡಿಕೊಂಡರು. ಫೋರ್ಸ್ ಆರೋಪ ಒಪ್ಪಲಿಲ್ಲ. ಫೈನಲ್‌ನಲ್ಲಿ ಹೈಟ್ ಸೋತರು, ಸೋಲಿಸಿದವರು ಫೋರ್ಸ್ ಅವರ ಮಗಳು ಆ್ಯಶ್ಲಿ. ಒಟ್ಟಿನಲ್ಲಿ ಮನೆಯ ವಿಷಯ ಮನೆಯಲ್ಲೇ ಮುಗಿಯಿತು, ಹತ್ತನೇ ಜಾಗ ಹೈಟ್‌ಗೆ ಸಿಕ್ಕಿತು. ಹತ್ತನೆಯವರಾಗಿ ಒಳಗೆ ಬಂದವರು ಆರು ರೇಸ್ ಮುಗಿಯುವ ಹೊತ್ತಿಗೆ ರಾಷ್ಟ್ರೀಯ ಚಾಂಪಿಯನ್.

ಇಲ್ಲಿ ಅಭಿಮಾನಿಗಳು ಎರಡು ಪಕ್ಷವಾದರು. ಒಂದು ಪಕ್ಷ, "ನೋಡಿ, ಹತ್ತನೆಯವನಿಗೂ ಅವಕಾಶ ಇದೆ, ಇದೇ ಪ್ರಜಾಪ್ರಭುತ್ವ" ಅಂತು. ಇನ್ನೊಂದು, "ಹಾಗಾದರೆ ಮೊದಲ 18 ರೇಸ್‌ಗೆ ನಾವು ಟಿಕೆಟ್ ಯಾಕೆ ತಗೊಂಡೆವು?" ಅಂತ ಕೇಳಿತು. ಎರಡನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಂತಿಲ್ಲ. ಮುಂದಿನ ವರ್ಷವೂ ಟಿಕೆಟ್ ತಗೊಂಡರು, ಅದು ಬೇರೆ ಮಾತು.

ಎನ್‌ಎಚ್‌ಆರ್‌ಎ ರೇಸ್‌ಗಳಲ್ಲಿ ಟಿಕೆಟ್ ಇದ್ದವರೆಲ್ಲ ಪಿಟ್‌ಗೆ ಹೋಗಬಹುದು. ಕಾರು ಬಿಚ್ಚಿ ಜೋಡಿಸುವುದನ್ನು ಹತ್ತಿರದಿಂದ ನೋಡಬಹುದು, ನೈಟ್ರೋಮೀಥೇನ್ ಇಂಧನದ ಹೊಗೆಗೆ ಕಣ್ಣೀರು ಸುರಿಸಬಹುದು. ಆ ಕಣ್ಣೀರಿನಲ್ಲೂ ನಿಷ್ಠಾವಂತ ಅಭಿಮಾನಿ ಲೆಕ್ಕ ಬಿಡುವುದಿಲ್ಲ. ಪ್ರತಿ ವರ್ಷ ನವೆಂಬರ್‌ನಲ್ಲಿ ಪೊಮೋನಾ ಮುಗಿದ ಮೇಲೆ ಅವನ ನಿಜವಾದ ಸೀಸನ್ ಶುರು. ಹಳೇ ಪದ್ಧತಿ ಇದ್ದಿದ್ದರೆ ಯಾರು ಗೆಲ್ಲುತ್ತಿದ್ದರು? ಎಕ್ಸೆಲ್ ತೆರೆಯುತ್ತಾನೆ. ಹೀಗೆ ಪ್ರತಿ ವಿಭಾಗಕ್ಕೂ ಇಬ್ಬರು ಚಾಂಪಿಯನ್‌ಗಳು ಹುಟ್ಟುತ್ತಾರೆ. ಒಬ್ಬರಿಗೆ ಟ್ರೋಫಿ, ಚೆಕ್ಕು. ಇನ್ನೊಬ್ಬರಿಗೆ ಎಕ್ಸೆಲ್ ಶೀಟ್‌ನಲ್ಲಿ ಹಳದಿ ಬಣ್ಣ.

ಈ ಲೆಕ್ಕ ಹಾಕುವವರದ್ದು ತತ್ವನಿಷ್ಠೆ ಅಂತ ನಾನೂ ನಂಬಿಬಿಡುತ್ತಿದ್ದೆ, ಸ್ಟೀವ್ ಟಾರೆನ್ಸ್ ಬರದೇ ಇದ್ದಿದ್ದರೆ. 2017ರಲ್ಲಿ ಟಾರೆನ್ಸ್ ಎಂಟು ರೇಸ್ ಗೆದ್ದರು, ಪ್ಲೇಆಫ್‌ಗೆ ಮೊದಲನೆಯವರಾಗಿ ಬಂದರು. ಪ್ರಶಸ್ತಿ ನಾಲ್ಕು ರೇಸ್ ಗೆದ್ದ ಬ್ರಿಟನಿ ಫೋರ್ಸ್‌ಗೆ ಹೋಯಿತು. ಟಾರೆನ್ಸ್ ಅಭಿಮಾನಿಗಳು ಎದೆ ಬಡಿದುಕೊಂಡರು. ಕೌಂಟ್‌ಡೌನ್ ಅನ್ಯಾಯ, ಮೋಸ, ಟಿವಿಯವರ ಕುತಂತ್ರ. 2018ರಲ್ಲಿ ಅದೇ ಟಾರೆನ್ಸ್ ಪ್ಲೇಆಫ್‌ನ ಆರಕ್ಕೆ ಆರೂ ರೇಸ್ ಗೆದ್ದರು. ಅದುವರೆಗೆ ಯಾರೂ ಮಾಡದ ಸಾಧನೆ. ರೋಚಕತೆಗೆಂದೇ ಹುಟ್ಟಿದ ಪದ್ಧತಿಯಲ್ಲಿ ಪೊಮೋನಾಗೆ ಬರುವ ಮೊದಲೇ ಪ್ರಶಸ್ತಿ ತೀರ್ಮಾನವಾಗಿತ್ತು. ಈಗ ಎದೆ ಬಡಿದುಕೊಂಡವರು ಎಲ್ಲಿ? ಅವರೆಲ್ಲ ಸುಮ್ನೆ ಎದ್ದು ಎದುರು ಬೆಂಚಿಗೆ ಹೋಗಿ ಕೂತಿದ್ದರು. "ಒತ್ತಡ ಇದ್ದಾಗ ಗೆಲ್ಲೋದೇ ನಿಜವಾದ ಚಾಂಪಿಯನ್‌ನ ಲಕ್ಷಣ" ಅಂತ ಅಲ್ಲಿಂದ ಹೇಳುತ್ತಿದ್ದರು. ಆ ಬೆಂಚಿನಲ್ಲಿ ಕೂತಿದ್ದವರು ಎದ್ದು ಈ ಕಡೆ ಬಂದಿದ್ದರು. ದಾರಿಯಲ್ಲಿ ಕೈ ಕುಲುಕಿದರೋ ಇಲ್ಲವೋ ತಿಳಿಯದು.

ನಗಬೇಡಿ. ನಾವೇನು ಕಮ್ಮಿ? 2011ರ ಐಪಿಎಲ್‌ನಲ್ಲಿ ಆರ್‌ಸಿಬಿ ಪಾಯಿಂಟ್ಸ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು, ಫೈನಲ್‌ನಲ್ಲಿ ಚೆನ್ನೈ ಎದುರು ಸೋತಿತು. ಪಟ್ಟಿಯಲ್ಲಿ ಮೊದಲು ಬಂದವರಿಗೆ ಕಪ್ ಕೊಡದೆ ಇನ್ಯಾರಿಗೆ ಕೊಡ್ತಾರೆ ಸ್ವಾಮಿ ಅಂತ ಬೆಂಗಳೂರಿನ ಎಷ್ಟು ಮನೆಗಳಲ್ಲಿ ಆ ರಾತ್ರಿ ವಾದ ನಡೆದಿರಬಹುದು. 2024ರಲ್ಲಿ ಅದೇ ಚೆನ್ನೈ ಜೊತೆ ಪಾಯಿಂಟ್ಸ್ ಸಮ ಮಾಡಿಕೊಂಡು, ನೆಟ್ ರನ್‌ರೇಟ್ ಹಿಡಿದು ನಾಲ್ಕನೆಯವರಾಗಿ ಒಳಗೆ ನುಗ್ಗಿದಾಗ? ಪ್ಲೇಆಫ್ ಅನ್ನೋದು ಎಂಥ ಸುಂದರ ವ್ಯವಸ್ಥೆ ಅಲ್ವಾ!

ಎನ್‌ಎಚ್‌ಆರ್‌ಎ ಮಾತ್ರ ಎರಡೂ ಬೆಂಚಿನವರನ್ನು ಸಮಾಧಾನ ಮಾಡಲು ಹೊರಟಿತು. ತಪ್ಪಾಗಿದ್ದೇ ಅಲ್ಲಿ. ಹತ್ತರೊಳಗೆ ಬರದವರು ಬೇಜಾರಾದರು. ಸರಿ, ಎಲ್ಲ ರೇಸ್‌ಗೂ ತಪ್ಪದೆ ಬಂದವರಿಗೂ ಪ್ಲೇಆಫ್ ಬಾಗಿಲು ತೆರೆಯಿತು. ಗೆಲ್ಲದಿದ್ದರೂ ಪರವಾಗಿಲ್ಲ, ಹಾಜರಿ ಇದ್ದರೆ ಸಾಕು. ಕೊನೆಯ ರೇಸ್‌ಗೆ ಮುಂಚೆಯೇ ಎಲ್ಲ ತೀರ್ಮಾನ ಆಗಿಬಿಡುತ್ತದಲ್ಲ ಅಂದರು. ಸರಿ, ಕೊನೆಯ ರೇಸ್‌ಗೆ ಒಂದೂವರೆ ಪಟ್ಟು ಪಾಯಿಂಟ್. ಇಂಡಿಯಾನಾಪೊಲಿಸ್‌ಗೂ ಮರ್ಯಾದೆ ಬೇಡವೇ ಅಂತ ಪ್ರಶ್ನೆ. ಅದಕ್ಕೂ ಒಂದೂವರೆ. ಒಂದು ಕಡೆ ಅಂತರ ಕಮ್ಮಿ ಮಾಡಲು ಪಾಯಿಂಟ್ಸ್ ಅಳಿಸುವುದು, ಇನ್ನೊಂದು ಕಡೆ ಅದೇ ಪಾಯಿಂಟ್ಸ್‌ಗೆ ನೀರು ಹಾಕಿ ಬೆಳೆಸುವುದು.

ಗೆಲುವಿಗೆ ಬೆಲೆ ಕೊಡಬೇಕು ಅಂತ ಹೊರಟ ನ್ಯಾಸ್‌ಕಾರ್ ಎಲ್ಲಿಗೆ ಮುಟ್ಟಿತು ಅನ್ನೋದನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಎಲಿಮಿನೇಷನ್ ಪದ್ಧತಿ ತಂದರು, ಕೊನೆಯ ರೇಸ್‌ಗೆ ನಾಲ್ಕೇ ಜನ ಸ್ಪರ್ಧಿಗಳು. ಆ ನಾಲ್ವರಲ್ಲಿ ಒಬ್ಬರು ಆ ವರ್ಷ ಒಂದೂ ರೇಸ್ ಗೆದ್ದಿರಲಿಲ್ಲ. ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ ಪಡೆದೇ ಬಿಟ್ಟರು. ಯಾರು ಗೊತ್ತೇ? 2003ರಲ್ಲಿ ಎಂಟು ಗೆದ್ದೂ ಆರನೆಯವರಾಗಿದ್ದ ಅದೇ ರಯಾನ್ ನ್ಯೂಮನ್. ಹನ್ನೊಂದು ವರ್ಷ ತಡವಾಗಿಯಾದರೂ ಲೆಕ್ಕ ಚುಕ್ತಾ ಆಯಿತು ಅಂತ ಕೆಲವರು ಸಮಾಧಾನ ಪಟ್ಟುಕೊಂಡಿರಬೇಕು.

ಬರೀ ದೂರುತ್ತಾ ಕೂರುವುದು ಸರಿಯಲ್ಲ, ನನ್ನದೂ ಒಂದು ಸಲಹೆ ಇದೆ. ವರ್ಷಕ್ಕೊಮ್ಮೆ ಅಂತರ ಅಳಿಸಿದರೆ ಇಷ್ಟು ರೋಚಕ ಅನ್ನುವುದಾದರೆ, ಪ್ರತಿ ಓಟದಲ್ಲೂ ಯಾಕೆ ಅಳಿಸಬಾರದು? 1,000 ಅಡಿಯ ಓಟದಲ್ಲಿ 500 ಅಡಿಗೆ ಒಂದು ಗೆರೆ ಎಳೆಯೋಣ. ಅಲ್ಲಿ ಮುಂದೆ ಇರುವ ಕಾರನ್ನು ಅಧಿಕಾರಿಗಳು ನಿಲ್ಲಿಸಲಿ. ನಿಲ್ಲುತ್ತದೆಯೇ ಅನ್ನೋದು ತಾಂತ್ರಿಕ ವಿಷಯ, ಬ್ರೇಕಿಗೆ ಪ್ಯಾರಾಚೂಟ್ ಹೇಗೂ ಇದೆ. ಹಿಂದಿನ ಕಾರು ಬರುವವರೆಗೆ ಕಾದು, 20 ಅಡಿ ಮಾತ್ರ ಮುಂದೆ ನಿಲ್ಲಿಸಿ, ಮತ್ತೆ ದೀಪ ಹಾಕಲಿ. ಆಗ ಪ್ರತಿ ಓಟವೂ ಫೋಟೋ ಫಿನಿಷ್. ನಡುವೆ ಜಾಹೀರಾತಿಗೂ ಜಾಗ ಆಯಿತು.

ಇದು ಜಾರಿಗೆ ಬಂದ ದಿನ ಪಿಟ್‌ನಲ್ಲಿ ಏನು ನಡೆಯುತ್ತದೆ ಅನ್ನೋದೂ ನನಗೆ ಗೊತ್ತು. ಓಟದ ನಡುವೆ ಕಾರು ನಿಲ್ಲಿಸುವುದು ಸರಿಯೇ ಅಂತ ಒಬ್ಬರೂ ಕೇಳುವುದಿಲ್ಲ. 20 ಅಡಿ ಜಾಸ್ತಿ ಆಯಿತು, 10 ಸಾಕು ಅಂತ ಒಂದು ಗುಂಪು. 30 ಇರಬೇಕಿತ್ತು ಅಂತ ಇನ್ನೊಂದು. ಮೂರನೆಯವನು ಆಗಲೇ ಲ್ಯಾಪ್‌ಟಾಪ್ ತೆರೆದಿರುತ್ತಾನೆ. ನಿಲ್ಲಿಸದೇ ಇದ್ದಿದ್ದರೆ ಯಾರು ಗೆಲ್ಲುತ್ತಿದ್ದರು ಅಂತ ಅವನಿಗೆ ನೋಡಬೇಕು.