ನಿಮ್ಮ ಮನೆಯ ರದ್ದಿ ಘಾನಾಕ್ಕೆ ಯಾಕೆ ಮಾರಾಯ್ರೆ?

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ಮಂಗಳೂರಿನ ನನ್ನ ಪರಿಚಯದ ಕೆಲವರು ಸೇರಿ ಘಾನಾ ದೇಶದ ಒಂದು ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಪುಸ್ತಕ ಕಳಿಸುತ್ತಾರಂತೆ. ಒಂದು ಕಂಟೇನರ್ ತುಂಬಾ. ನೀವು ರಿಟೈರ್ಡ್ ಲೈಬ್ರರಿಯನ್ ಅಲ್ವಾ, ಸ್ವಲ್ಪ ವಿಂಗಡಿಸಿ ಕೊಡಿ ಎಂದು ಕರೆದರು. ಖುಷಿಯಿಂದಲೇ ಹೋದೆ. ರಾಶಿಯಲ್ಲಿ ಇದ್ದದ್ದು ಏನು? ಹಳೇ ಸಿಲೆಬಸ್ಸಿನ ಪಿಯುಸಿ ಗೈಡುಗಳು. ವ್ಯಾಟ್ ಬರುವ ಮೊದಲಿನ ಸೇಲ್ಸ್ ಟ್ಯಾಕ್ಸ್ ಪುಸ್ತಕ. ವಿಂಡೋಸ್ 98 ಕಲಿಸುವ ಕೈಪಿಡಿ. ಗೆದ್ದಲು ತಿಂದ ವಿಶ್ವಕೋಶದ ಮಧ್ಯದ ಮೂರು ಸಂಪುಟ. ಒಂದು ಮೂಲೆಯಲ್ಲಿ ದಪ್ಪ ಬೆನ್ನಿನ ಹಳೇ ಮಾನಿಟರುಗಳು. ಸರ್ವಿಸಿನಲ್ಲಿದ್ದಾಗ ಇಂಥವನ್ನೆಲ್ಲ ಪಟ್ಟಿ ಮಾಡಿ ರದ್ದಿಗೆ ಹಾಕುವುದೇ ನನ್ನ ಕೆಲಸವಾಗಿತ್ತು. ಈಗ ಅದಕ್ಕೆ ದಾನ ಎಂದು ಹೆಸರು.

ಯಾವ ವಿಶ್ವವಿದ್ಯಾಲಯ ಅಂತ ಕೇಳಿದೆ. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊಬೈಲ್ ನೋಡಿ "ಪ್ರೆಸ್ಬಿಟೇರಿಯನ್ ಯೂನಿವರ್ಸಿಟಿ" ಅಂದರು. ನನಗೆ ಜಾಸ್ತಿ ಉರಿದದ್ದು ಆಗ.

ಯಾಕೆಂದರೆ ಅದು ಮಂಗಳೂರಿನವರಿಗೆ ದೂರದ ನೆಂಟನಲ್ಲ, ದಾಯಾದಿ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್, ಅದಕ್ಕೂ ಆರು ವರ್ಷ ಮೊದಲೇ, 1828ರಲ್ಲಿ, ಗೋಲ್ಡ್ ಕೋಸ್ಟಿಗೆ ಹೋಗಿತ್ತು. ಅದೇ ಇವತ್ತಿನ ಘಾನಾ. ಮೊದಲು ಹೋದ ನಾಲ್ವರಲ್ಲಿ ಮೂವರು ಒಂದು ವರ್ಷದೊಳಗೇ ತೀರಿಕೊಂಡರು. ನಾಲ್ಕನೆಯವರೂ ಹೆಚ್ಚು ಕಾಲ ಬದುಕಲಿಲ್ಲ. ಆಮೇಲೆ ಹೋದ ಆಂಡ್ರಿಯಾಸ್ ರೀಸ್ ಜ್ವರದಿಂದ ಉಳಿದದ್ದು ಅಲ್ಲಿನ ನಾಟಿ ವೈದ್ಯರ ಮದ್ದಿನಿಂದ. ಕಲಿಸಲು ಹೋದವರನ್ನು ಬದುಕಿಸಿದವರು ಯಾರು ನೋಡಿ! ಓದಬಲ್ಲ ಕಪ್ಪು ಮನುಷ್ಯರನ್ನು ಮೊದಲು ತೋರಿಸಿ, ಆಮೇಲೆ ನಿಮ್ಮ ಮಾತು ಕೇಳುತ್ತೇವೆ ಎಂದು ಅಲ್ಲಿನ ಬೆಟ್ಟದ ನಾಡು ಅಕ್ವಾಪೆಮ್‌ನ ರಾಜ ಅವರಿಗೆ ಹೇಳಿದನಂತೆ. ಹಾಗಾಗಿ 1843ರಲ್ಲಿ ಜಮೈಕಾ, ಆಂಟಿಗುವಾ ಕಡೆಯ ಆಫ್ರಿಕನ್ ಮೂಲದ ಕುಟುಂಬಗಳನ್ನು ಕರೆತಂದರು. ಐದು ವರ್ಷದ ನಂತರ, 1848ರಲ್ಲಿ, ಅಕ್ರೊಪಾಂಗ್ ಎಂಬ ಬೆಟ್ಟದೂರಲ್ಲಿ ಶಿಕ್ಷಕರ ಕಾಲೇಜು ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ.

ಇಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಅಲ್ಲಿ ಅದೇ ಮಿಶನ್ನಿನ ಕ್ರಿಸ್ಟಾಲರರು ಮಾಡಿದ, ಘಾನಾದ ಟ್ವಿ ಭಾಷೆಯ ನಿಘಂಟು 1881ರಲ್ಲೇ ಬಂದಿತ್ತು. ಕಿಟ್ಟೆಲ್ ಅಂದರೆ ಕೈ ಮುಗಿಯುವ ನಾವು ಕ್ರಿಸ್ಟಾಲರ್ ಹೆಸರು ಕೇಳಿದ್ದೇವಾ? ಅವರ ಜೊತೆ ಕೆಲಸ ಮಾಡಿದ, ಅಲ್ಲಿಯವರೇ ಆದ ಡೇವಿಡ್ ಅಸಾಂಟೆ ಅಂತೂ ಯಾರಿಗೂ ಗೊತ್ತಿಲ್ಲ. ನಮ್ಮ ಮಂಗಳೂರಿನ ಆನಂದರಾವ್ ಕೌಂಡಿನ್ಯರು 1840ರ ದಶಕದಲ್ಲಿ ಓದಲು ಹೋದ ಬಾಸೆಲ್ಲಿನ ಅದೇ ಮಿಶನ್ ಶಾಲೆಗೆ, ಮುಂದಿನ ದಶಕದಲ್ಲಿ ಅಸಾಂಟೆಯೂ ಹೋದರು. ಒಂದೇ ಗುರುಮನೆಯ ಶಿಷ್ಯರು.

ಆ ಮಿಶನ್ನಿನಿಂದ ಬೆಳೆದ ಚರ್ಚು 2003ರಲ್ಲಿ ತನ್ನದೇ ವಿಶ್ವವಿದ್ಯಾಲಯ ಕಟ್ಟಿತು. ಮುಖ್ಯ ಕ್ಯಾಂಪಸ್ ಇರುವುದು ಅಬೆಟಿಫಿ ಎಂಬ ಎತ್ತರದ ಊರಲ್ಲಿ. ಒಂದು ಕ್ಯಾಂಪಸ್ ಅದೇ ಅಕ್ರೊಪಾಂಗ್‌ನಲ್ಲಿ. ಇನ್ನೊಂದು ಅಗೋಗೋದಲ್ಲಿ. 1931ರಲ್ಲಿ ಬಾಸೆಲ್‌ನವರು ಆಸ್ಪತ್ರೆ ಕಟ್ಟಿದ ಊರು ಅದು. ಈಗ ಅಲ್ಲಿ ನರ್ಸಿಂಗ್ ಕಲಿಸುತ್ತಾರೆ. ಇವರಿಗೆ ನಾವು ಕಳಿಸುವುದು ಸೇಲ್ಸ್ ಟ್ಯಾಕ್ಸ್ ಪುಸ್ತಕ.

ಅವರಿಗೆ ಬೇಕಾದದ್ದೇ ಬೇರೆ. ಖಾಸಗಿ ವಿಶ್ವವಿದ್ಯಾಲಯ ನಡೆಯುವುದು ಮಕ್ಕಳ ಫೀಸಿನಿಂದ. ಘಾನಾದಲ್ಲಿ ಶಿಕ್ಷಣಕ್ಕೆಂದೇ ತೆರಿಗೆಯಿಂದ ತುಂಬುವ ಒಂದು ನಿಧಿ ಇದೆ. ಆದರೆ ಅದರ ಕಟ್ಟಡದ ದುಡ್ಡು, ಸಲಕರಣೆಯ ದುಡ್ಡು ಮುಖ್ಯವಾಗಿ ಹೋಗುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನ ಹುಡುಗಿಯ ಅಪ್ಪನೂ ತೆರಿಗೆ ಕಟ್ಟುತ್ತಾನೆ, ಮೇಲೆ ಪೂರ್ತಿ ಫೀಸನ್ನೂ ಕಟ್ಟುತ್ತಾನೆ. 2022ರ ಕೊನೆಗೆ ಆ ದೇಶದ ಹಣದುಬ್ಬರ ಶೇಕಡಾ 54 ದಾಟಿತ್ತು. ಆ ವರ್ಷ ಒಬ್ಬ ಕೋಕೋ ರೈತ ಮಗಳ ನರ್ಸಿಂಗ್ ಫೀಸ್ ಹೇಗೆ ಹೊಂದಿಸಿರಬಹುದು? ಕಾಲೇಜು ತಾನೇ ಮೇಷ್ಟ್ರ ಸಂಬಳ ಹೇಗೆ ಕೊಟ್ಟಿರಬಹುದು? ಪಿಎಚ್‌ಡಿ ಆದವರು ಬೇಕು, ಅವರು ಉಳಿಯುವಂಥ ಸಂಬಳ ಬೇಕು. ಲ್ಯಾಬ್ ಸಾಮಾನು ಬೇಕು, ಅದು ಬರುವುದು ಡಾಲರ್ ಬೆಲೆಗೆ. ಕರೆಂಟು ಬೇಕು, ನೆಟ್ ಬೇಕು. ಓದಲು ಏನೂ ಇಲ್ಲದೆ ಅವರು ಕೂತಿದ್ದಾರೆ ಎಂದುಕೊಳ್ಳಬೇಡಿ. ರಿಸರ್ಚ್‌ಫೋರ್‌ಲೈಫ್‌ನಂಥ ಯೋಜನೆಗಳಿವೆ. ಬಡ ದೇಶಗಳ ಕಾಲೇಜುಗಳಿಗೆ ಒಳ್ಳೊಳ್ಳೆಯ ಜರ್ನಲ್‌ಗಳು ಪುಕ್ಕಟೆಯಾಗಿ ಅಥವಾ ಅಗ್ಗದಲ್ಲಿ ಸಿಗುತ್ತವೆ. ಅದನ್ನು ತೆರೆದು ಓದಲು ಕರೆಂಟು, ನೆಟ್, ಒಬ್ಬ ಪಳಗಿದ ಲೈಬ್ರರಿಯನ್ ಇದ್ದರೆ ಸಾಕು. ಗೆದ್ದಲು ತಿಂದ ವಿಶ್ವಕೋಶ ಖಂಡಿತ ಬೇಡ.

"ಏನೂ ಇಲ್ಲದ್ದಕ್ಕಿಂತ ಇದಾದರೂ ಆಗಲಿ ಸರ್" ಎಂದು ಒಬ್ಬರು ಸಮಾಧಾನ ಹೇಳಿದರು. ಪಾಪ, ಒಳ್ಳೆಯ ಮನುಷ್ಯ. ಆದರೆ ಮಾತು ತಪ್ಪು. ಕಂಟೇನರಿನ ಬಾಡಿಗೆ ನಾವು ಕೊಟ್ಟೇವು, ಸರಿ. ಬಂದರಿನಿಂದ ಬಿಡಿಸಿಕೊಂಡು ಬೆಟ್ಟದ ಊರಿಗೆ ಸಾಗಿಸುವ ಖರ್ಚು ಯಾರದ್ದು? ಬೇಡದ್ದನ್ನು ಎಸೆಯುವ ಕೆಲಸ ಯಾರದ್ದು? ಎಲ್ಲಾ ತೆಗೆದುಕೊಳ್ಳುವವರದ್ದೇ. ಇನ್ನು ಆ ಮಾನಿಟರುಗಳು. ಘಾನಾದ ರಾಜಧಾನಿ ಅಕ್ರಾದ ಅಗ್‌ಬೊಗ್‌ಬ್ಲೋಶಿ ಹೆಸರು ಕೇಳಿದ್ದೀರಾ? ಶ್ರೀಮಂತ ದೇಶಗಳು ಸೆಕೆಂಡ್ ಹ್ಯಾಂಡ್ ಎಂದು ಕಳಿಸಿದ ಕಂಪ್ಯೂಟರುಗಳು ಬಂದು ಬಿದ್ದ ಜಾಗ. ಹುಡುಗರು ತಾಮ್ರಕ್ಕಾಗಿ ವಯರ್ ಸುಟ್ಟು ಆ ಹೊಗೆ ಕುಡಿದು ಬದುಕಿದ ಜಾಗ. 2021ರಲ್ಲಿ ಸರ್ಕಾರ ಅದನ್ನು ನೆಲಸಮ ಮಾಡಿತು. ಆ ಸಾಲಿಗೆ ನಮ್ಮ ಊರಿನ ಹೆಸರೂ ಸೇರಬೇಕಾ?

ಇನ್ನೊಬ್ಬರು ಮೆಲ್ಲಗೆ ಬೇರೆ ರಾಗ ತೆಗೆದರು: ಮಿಶನರಿ ಸಂಸ್ಥೆ ತಾನೇ, ವಿದೇಶದಿಂದ ದುಡ್ಡು ಬಂದು ಬೀಳುತ್ತದೆ ಬಿಡಿ. ಇವರಿಗೆ ಚರಿತ್ರೆ ಯಾರಾದರೂ ಹೇಳಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿದೆ ಎಂದು ಬ್ರಿಟಿಷರು ಬಾಸೆಲ್‌ನವರನ್ನು ಎರಡೂ ಕಡೆಯಿಂದ ಹೊರಗೆ ಹಾಕಿದರು. ಯುದ್ಧ ಮುಗಿದು ಕೆಲವು ವರ್ಷವಾದ ಮೇಲೆ ಅವರು ಘಾನಾಕ್ಕೆ ಮರಳಿದರು, ಅಗೋಗೋದ ಆಸ್ಪತ್ರೆ ಆಗಿನದು. ಅವರ ವ್ಯಾಪಾರ ಇಲ್ಲಿಯೂ ಅಲ್ಲಿಯೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋಯಿತು. ನನ್ನ ಅಜ್ಜ ಆ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಯಜಮಾನರು ಬದಲಾದರೂ ಅಜ್ಜನ ಕೂಲಿ ಬದಲಾಗಲಿಲ್ಲ ಎಂದು ಅಜ್ಜಿ ಬೈಯುತ್ತಲೇ ಇದ್ದರು. ನಾನೇನು ಮಿಶನ್ನಿನ ಭಕ್ತನಲ್ಲ. ಚರ್ಚಿಗೆ ಹೋಗುವುದು ಕ್ರಿಸ್‌ಮಸ್ಸಿಗೆ, ಅದೂ ಹೆಂಡತಿಯ ಬಲವಂತಕ್ಕೆ. ಆದರೆ ಮಿಶನರಿಗಳನ್ನು ಹಾಗೆ ಹೊರಗೆ ಹಾಕಿ ನೂರು ವರ್ಷವಾದ ಮೇಲೂ ಕಾಲೇಜು ನಡೆಸಿಕೊಂಡು ಬಂದವರು ಘಾನಾದ ಜನ. ನಾನು ಮರ್ಯಾದೆ ಕೊಡುವುದು ಅವರಿಗೆ.

ಕೊಡುವ ಮನಸ್ಸಿದ್ದರೆ ಮೊದಲು ಒಂದು ಪತ್ರ ಬರೆದು ಕೇಳಿ. ನಿಮ್ಮಲ್ಲಿ ಯಾವ ವಿಷಯಕ್ಕೆ ಮೇಷ್ಟ್ರಿಲ್ಲ? ಎಷ್ಟು ಮಕ್ಕಳು ಫೀಸ್ ಕಟ್ಟಲಾಗದೆ ಅರ್ಧಕ್ಕೆ ಬಿಟ್ಟಿದ್ದಾರೆ? ಮಂಗಳೂರಿನಲ್ಲಿ ನರ್ಸಿಂಗ್ ಕಲಿಸಿ ನಿವೃತ್ತರಾದವರು ಬೀದಿಗೊಬ್ಬರಿದ್ದಾರೆ. ಘಾನಾದವರಿಗೆ ಬೇಕು ಅಂದರೆ ಅಗೋಗೋದ ಮಕ್ಕಳಿಗೆ ಆನ್‌ಲೈನಿನಲ್ಲಿ ವಾರಕ್ಕೊಂದು ಪಾಠ ಮಾಡಲು ಏನು ಕಷ್ಟ? ಇಲ್ಲವೇ ಆ ಕಂಟೇನರಿನ ಬಾಡಿಗೆ ಹಣವನ್ನೇ ಒಬ್ಬ ಹುಡುಗಿಯ ಫೀಸಿಗೆ ಕಟ್ಟಿ. ಆ ಲೆಕ್ಕಕ್ಕೆ ಮೊದಲ ಕಂತು ನನ್ನದು. ಪೆನ್ಶನ್ ಬರುವುದು ತಿಂಗಳ ಮೊದಲ ವಾರ, ಅಲ್ಲಿಯವರೆಗೆ ಫೋನ್ ಮಾಡಬೇಡಿ.