ಹದಿನೆಂಟು ಪೈಸೆ ಜಮಾ

ಕ್ರೆಡಿಟ್ ಕಾರ್ಡ್ ಮುಚ್ಚುವುದು ಅಂದರೆ ಕತ್ತರಿಯಲ್ಲಿ ಕತ್ತರಿಸುವುದು ಅಂತ ನಾನು ನಲವತ್ತಾರು ವರ್ಷ ನಂಬಿಕೊಂಡಿದ್ದೆ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯಲ್ಲೇ ಎರಡು ಕಾರ್ಡುಗಳನ್ನು ಚೂರು ಚೂರು ಮಾಡಿ, ಒಣಕಸದ ಬುಟ್ಟಿಗೆ ಸುರಿದು, ಕೈ ತೊಳೆದುಕೊಂಡು ಉಪ್ಪಿಟ್ಟು ತಿನ್ನಲು ಕೂತೆ.

ಇದಕ್ಕೆಲ್ಲ ಮೂಲ, ಹಿಂದಿನ ರಾತ್ರಿ ಹೆಂಡತಿ ಕಣ್ಣಿಗೆ ಬಿದ್ದ ಸ್ಟೇಟ್‌ಮೆಂಟಿನ ಒಂದು ಸಾಲು. ವಾರ್ಷಿಕ ಶುಲ್ಕ 499, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. "ರೀ, ಈ ಕಾರ್ಡಲ್ಲಿ ವರ್ಷವಿಡೀ ಏನು ತಗೊಂಡಿದ್ದೀರಾ?" ಅಂದಳು. ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬಂದದ್ದು ಒಂದು ಕುಕ್ಕರ್ ಗ್ಯಾಸ್ಕೆಟ್. ಆ ಕಾರ್ಡು ನಮ್ಮ ಮೈಸೂರಿನ ಮಾಲ್ ಒಂದರ ಬಾಗಿಲಲ್ಲಿ ನನ್ನ ಕೊರಳಿಗೆ ಬಿದ್ದದ್ದು. ಟೈ ಕಟ್ಟಿದ ಹುಡುಗನೊಬ್ಬ, "ಸರ್, ಒಂದು ಸೈನ್ ಅಷ್ಟೇ, ನನ್ನ ಟಾರ್ಗೆಟ್ ಮುಗಿಯುತ್ತೆ" ಅಂದಿದ್ದ. ಜೊತೆಗೆ ಒಂದು ಬ್ಯಾಗು ಫ್ರೀ. ಬ್ಯಾಗಿನ ಜಿಪ್ಪು ಧರ್ಮಸ್ಥಳ ತಲುಪುವ ಮೊದಲೇ ಕಿತ್ತುಹೋಯಿತು. ಕಾರ್ಡು ಮಾತ್ರ ಗಟ್ಟಿ.

ಅದನ್ನು ಕತ್ತರಿಸಿದೆ. ಕತ್ತರಿ ಕೈಯಲ್ಲಿ ಇದ್ದೇ ಇತ್ತಲ್ಲ, 2009ರಲ್ಲಿ ತೆಗೆದುಕೊಂಡಿದ್ದ ನನ್ನ ಮೊದಲ ಕಾರ್ಡನ್ನೂ ಕತ್ತರಿಸಿಬಿಟ್ಟೆ. ಹಳೇದಾಯಿತು, ಸುಮ್ನೆ ಯಾಕೆ ಅಂತ.

ಉಪ್ಪಿಟ್ಟಿನ ಹೊತ್ತಿಗೆ ಸರಿಯಾಗಿ ಭಾವಮೈದ ಬಂದ. ಅವನು ಬ್ಯಾಂಕಿನ ಸಾಲದ ವಿಭಾಗದಲ್ಲಿರುವವನು. ನನ್ನ ಸಾಹಸ ಕೇಳಿ ಚಮಚ ಕೆಳಗಿಟ್ಟ. "ಭಾವ, ಹಳೇ ಕಾರ್ಡನ್ನ ಮುಚ್ಚೋಕೆ ಹೊರಟಿದ್ರಾ?" ಅಂತ ಪೇಪರಿನ ಅಂಚಿನಲ್ಲಿ ಲೆಕ್ಕ ಬರೆಯತೊಡಗಿದ. ನನ್ನ ಮೂರು ಕಾರ್ಡುಗಳ ಮಿತಿ ಸೇರಿ ನಾಲ್ಕು ಲಕ್ಷ. ಹಳೆಯದೊಂದಕ್ಕೇ ಎರಡು ಲಕ್ಷ, ಮಾಲ್ ಕಾರ್ಡಿಗೆ 40 ಸಾವಿರ. ಮಗಳ ಶಾಲೆಯ ಫೀಸು ಕಟ್ಟಿದ ತಿಂಗಳು 80 ಸಾವಿರ ಉಜ್ಜಿದರೆ, ಅದು ಒಟ್ಟು ಮಿತಿಯ 20 ಪರ್ಸೆಂಟು. ಹಳೆಯದನ್ನು ಮುಚ್ಚಿದರೆ ಅದೇ ಖರ್ಚು 40 ಪರ್ಸೆಂಟ್ ಆಗುತ್ತದೆ. ನಾವು ಒಂದು ರೂಪಾಯಿ ಜಾಸ್ತಿ ಖರ್ಚು ಮಾಡಿರುವುದಿಲ್ಲ, ಆದರೂ ಸಾಲಕ್ಕೆ ಬಾಯಿಬಿಟ್ಟುಕೊಂಡು ಕೂತವರ ಹಾಗೆ ಕಾಣುತ್ತೇವೆ, ಸಿಬಿಲ್ ಸ್ಕೋರು, ಅಂದರೆ ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವ ನಮ್ಮ ಸಾಲದ ನಡತೆಯ ಅಂಕ, ಇಳಿಯಬಹುದು. 30 ಪರ್ಸೆಂಟ್ ದಾಟದಿದ್ದರೆ ಒಳ್ಳೆಯದು ಅನ್ನುತ್ತಾರಂತೆ. ಅದೇ ಮಾಲ್ ಕಾರ್ಡು ಹೋದರೆ 22 ಪರ್ಸೆಂಟು, ಏನೂ ಕೊಳ್ಳೆ ಹೋಗುವುದಿಲ್ಲ.

"ಚಿಕ್ಕದು, ಹೊಸದು, ಶುಲ್ಕ ಕೇಳೋದು, ಅದನ್ನ ಮುಚ್ಚಿ. ಹಳೇದು ಇರಲಿ. ಮನೆ ಸಾಲಕ್ಕೆ ಅರ್ಜಿ ಹಾಕೋ ಯೋಚನೆ ಇದ್ರೆ ಈಗ ಯಾವುದನ್ನೂ ಮುಟ್ಟಬೇಡಿ."

ಅಪ್ಪ ಇಷ್ಟೂ ಹೊತ್ತು ಕಿವಿಗೊಟ್ಟು ಕೂತಿದ್ದರು. ಅವರು ನಿವೃತ್ತ ಹೆಡ್‌ಮಾಸ್ಟರ್.

"ಇವನ ಸ್ಕೋರು ಎಷ್ಟಪ್ಪಾ?"

"900ಕ್ಕೆ 742, ಮೇಷ್ಟ್ರೇ."

"ಅಂದ್ರೆ 82 ಪರ್ಸೆಂಟು. ಇದರಲ್ಲೂ ಡಿಸ್ಟಿಂಕ್ಷನ್ ಬರಲಿಲ್ಲ."

ಸಿಬಿಲ್ ಸ್ಕೋರು ಶುರುವಾಗುವುದೇ 300ರಿಂದ ಎಂದಾಗ ಅಪ್ಪನಿಗೆ ತೀರಾ ಬೇಜಾರಾಯಿತು. ಖಾಲಿ ಉತ್ತರ ಪತ್ರಿಕೆಗೂ ಮುನ್ನೂರು ಗ್ರೇಸ್ ಮಾರ್ಕ್ಸಾ! ಹಾಗಾದರೆ ನನ್ನದೆಷ್ಟು ಅಂದರು. "ನೀವು ಸಾಲಾನೇ ಮಾಡಿಲ್ಲ ಮೇಷ್ಟ್ರೇ, ನಿಮಗೆ ಸ್ಕೋರೇ ಇರಲ್ಲ" ಅಂದ ಭಾವಮೈದ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಆಬ್ಸೆಂಟ್" ಅಂದರು.

ಈಗ ಸಮಾಚಾರ ಕಸದ ಬುಟ್ಟಿಗೆ ಬಂತು. ಕತ್ತರಿಸಿದ ಮಾತ್ರಕ್ಕೆ ಯಾವ ಕಾರ್ಡೂ ಮುಚ್ಚಿಲ್ಲ, ಬ್ಯಾಂಕಿಗೆ ಫೋನ್ ಮಾಡಿ ಹೇಳಬೇಕು. ಫೋನ್ ಮಾಡಿದರೆ ಯಂತ್ರ ಕೇಳಿದ್ದು ಹದಿನಾರು ಅಂಕಿಯ ನಂಬರು. ಸ್ಟೇಟ್‌ಮೆಂಟಿನಲ್ಲಿ ಕೊನೆಯ ನಾಲ್ಕು ಬಿಟ್ಟರೆ ಉಳಿದದ್ದೆಲ್ಲ ಎಕ್ಸು. ಬುಟ್ಟಿಯನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿದೆವು. ಶಾವಿಗೆ ಪ್ಯಾಕೆಟ್ಟು, ಮಾತ್ರೆ ಹಾಳೆ, ಮಗಳು ಚೂಪು ಮಾಡಿದ ಪೆನ್ಸಿಲ್ ಸಿಪ್ಪೆ, ಅದರ ನಡುವೆ ನೀಲಿ ಚೂರು, ಬೆಳ್ಳಿ ಬಣ್ಣದ ಚೂರು. ನಾನು, ಮಗಳು, ಭಾವಮೈದ ಮೂವರೂ ನೆಲದ ಮೇಲೆ ಕೂತು ಜೋಡಿಸಿದೆವು. ಒಂದು ಚೂರು ಮಾತ್ರ ಸಿಗಲಿಲ್ಲ. ಅದು ನನ್ನ ಹವಾಯಿ ಚಪ್ಪಲಿಯ ಅಡಿಗೆ ಅಂಟಿಕೊಂಡಿತ್ತು. ಆರೋ ಎಂಟೋ ಅಂತ ವಾದ ನಡೆಯಿತು. ಎಂಟು.

ಹಳೇ ಕಾರ್ಡಿಗೆ ಬದಲಿ ಕೊಡಿ ಅಂದರೆ 100 ರೂಪಾಯಿ, ಮತ್ತೆ 18 ಜಿಎಸ್‌ಟಿ. ಅದನ್ನು ಇಟ್ಟುಕೊಂಡರೆ ಸಾಲದು, ಆಗಾಗ ಉಜ್ಜಬೇಕು ಕೂಡ. ಒಂದು ವರ್ಷಕ್ಕಿಂತ ಜಾಸ್ತಿ ಮುಟ್ಟದಿದ್ದರೆ ಬ್ಯಾಂಕಿನವರೇ ತಿಳಿಸಿ ಮುಚ್ಚಬಹುದು. ಹಾಗಾಗಿ ಈಗ ತಿಂಗಳಿಗೊಮ್ಮೆ ಅದರಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುತ್ತೇನೆ.

ಮಾಲ್ ಕಾರ್ಡಿನ ವಿಷಯಕ್ಕೆ ಬಂದಾಗ ಫೋನಿನ ಆಚೆಯ ಹುಡುಗಿಯ ದನಿ ಮೃದುವಾಯಿತು. ಯಾಕೆ ಸರ್, ನಮ್ಮಿಂದ ಏನಾದರೂ ತಪ್ಪಾಯಿತಾ ಸರ್, ಮುಂದಿನ ವರ್ಷದ ಶುಲ್ಕ ಬಿಡ್ತೀವಿ ಸರ್. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಯಾರೂ ಇಷ್ಟು ಬಿಕ್ಕುವುದಿಲ್ಲ. ನಾನು ಕರಗುತ್ತಿದ್ದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಕರಗಲಿಲ್ಲ. ಕೊನೆಗೆ ಆ ಹುಡುಗಿ ಹೇಳಿದ್ದು, "ಸರ್, 2,140 ಪಾಯಿಂಟ್ ಇದೆ, ಮುಚ್ಚಿದ್ರೆ ಹೋಗ್ಬಿಡುತ್ತೆ." ಪುಕ್ಕಟೆ ಬರುವುದನ್ನು ಯಾಕೆ ಬಿಡಬೇಕು, ಒಂದು ಗೋಡೆ ಗಡಿಯಾರ ತರಿಸಿದೆ.

ಅರ್ಜಿ ಕೊಟ್ಟ ದಿನದಿಂದ ಅಪ್ಪ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದರು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಮಗೇ ಕೊಡಬೇಕು. ಭಾನುವಾರ ಬಿಟ್ಟು, ಎರಡನೇ ಶನಿವಾರ ಬಿಟ್ಟು, ಎಂಟನೇ ದಿನ ಬಂದೇ ಬಿಟ್ಟಿತು. ಮನೆಯಲ್ಲಿ ಹಬ್ಬದ ಕಳೆ. ಅಪ್ಪ ನನ್ನಿಂದಲೇ ಫೋನ್ ಮಾಡಿಸಿದರು.

"ಸರ್, ನಿಮ್ಮದು ಬಾಕಿ ಇದೆಯಲ್ಲ. 116 ರೂಪಾಯಿ 82 ಪೈಸೆ."

ಪುಕ್ಕಟೆ ಗಡಿಯಾರ ತರಿಸಿದ್ದಕ್ಕೆ ಶುಲ್ಕ 99, ಜೊತೆಗೆ ಜಿಎಸ್‌ಟಿ. ಬಾಕಿ ಪೂರ್ತಿ ತೀರಿಸಿದವರಿಗಷ್ಟೇ ಆ 500ರ ಭಾಗ್ಯ. ಹೆಂಡತಿ ಏನೂ ಅನ್ನಲಿಲ್ಲ. ಗಡಿಯಾರ ನೋಡಿದಳು. ಅದು ಹತ್ತು ನಿಮಿಷ ಹಿಂದೆ ಇತ್ತು.

ಚಿಲ್ಲರೆ ಯಾಕೆ ಅಂತ ದುಂಡಗೆ 117 ಕಟ್ಟಿದೆ. ಕಾರ್ಡು ಮುಚ್ಚಿತು, ಬಾಕಿಯಿಲ್ಲ ಅನ್ನುವ ಪತ್ರವೂ ಮೇಲ್‌ನಲ್ಲಿ ಬಂತು. ಅದೇ ವಾರ ಅಮ್ಮನ ಧಾರಾವಾಹಿ ಟಿವಿಯಲ್ಲಿ ನಿಂತುಹೋಯಿತು, ಅದೂ ಸೊಸೆ ಹಾಲಿಗೆ ಏನೋ ಬೆರೆಸುವ ಹೊತ್ತಿನಲ್ಲಿ. ಆ ಆ್ಯಪಿನ ವರ್ಷದ ಚಂದಾ ಇದೇ ಕಾರ್ಡಿನಿಂದ ತಾನಾಗಿ ಕಟ್ಟಿಹೋಗುತ್ತಿತ್ತು, ನನಗೆ ನೆನಪೇ ಇರಲಿಲ್ಲ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ತಿಂಗಳು ಕಳೆದ ಮೇಲೆ ಭಾವಮೈದ ಸಿಬಿಲ್ ವರದಿ ತೆಗೆಸಿದ. ವರ್ಷಕ್ಕೊಂದು ಬಿಟ್ಟಿ ಸಿಗುತ್ತದೆ. ಅವನು ಮೊದಲು ನೋಡಿದ್ದು ಸ್ಕೋರನ್ನಲ್ಲ, ಆ ಕಾರ್ಡಿನ ಮುಂದೆ 'ಕ್ಲೋಸ್ಡ್' ಅಂತ ಇದೆಯೋ 'ಸೆಟಲ್ಡ್' ಅಂತ ಇದೆಯೋ ಅಂತ. ಎರಡನೆಯದಾದರೆ ಕಟ್ಟಬೇಕಾದ್ದನ್ನು ಪೂರ್ತಿ ಕಟ್ಟದೆ ಚೌಕಾಸಿ ಮಾಡಿ ಮುಗಿಸಿದವರು ಅಂತ ಅರ್ಥವಂತೆ. ನನ್ನದು ಕ್ಲೋಸ್ಡ್. ಸ್ಕೋರು 739.

"ಮೂರು ಮಾರ್ಕ್ಸ್ ಎಲ್ಲಿ ಹೋಯ್ತು?" ಅಂದರು ಅಪ್ಪ.

ಅಷ್ಟರಲ್ಲಿ ಬ್ಯಾಂಕಿನಿಂದ ಫೋನು. ಕಾರ್ಡಿನಲ್ಲಿ ನಮ್ಮ ಹಣ ಉಳಿದಿದೆ, ವಾಪಸ್ ಮಾಡಬೇಕು, ಖಾತೆಯ ವಿವರಕ್ಕೆ ಒಂದು ಕ್ಯಾನ್ಸಲ್ ಮಾಡಿದ ಚೆಕ್ ಕಳಿಸಿ ಅಂದರು. ಎಷ್ಟು ಹಣ ಅಂತ ಕೇಳಿದೆ. ಹದಿನೆಂಟು ಪೈಸೆ. ಬಿಟ್ಟುಬಿಡಿ ಅನ್ನುವಷ್ಟರಲ್ಲಿ ಅಪ್ಪ ಚೆಕ್ ಪುಸ್ತಕ ತಂದು ಎದುರಿಗಿಟ್ಟರು. ಆ ದುಡ್ಡು ಗುರುವಾರ ಬಂತು. ಅಪ್ಪ ದಿನಚರಿ ತೆಗೆದು, ಕನ್ನಡಕ ಏರಿಸಿಕೊಂಡು, ಹೂಕೋಸು 40, ಕೊತ್ತಂಬರಿ 10ರ ಕೆಳಗೆ ಬರೆದರು: ಬ್ಯಾಂಕಿನಿಂದ ಜಮಾ, 0–18.